ಸಂಜೆಯಾದರೆ ಕಪ್ಪಾಗುವ ಪರದೆ

ಸಂಜೆ ಆರು ಗಂಟೆ ಮೂವತ್ತೆಂಟು ನಿಮಿಷಕ್ಕೆ ನನ್ನ ಲ್ಯಾಪ್‌ಟಾಪಿನ ಪರದೆ ಬಿಳಿಯಿಂದ ಕಪ್ಪಾಯಿತು. ನಡೆದದ್ದು ಇಷ್ಟೇ. ಹೀಗೆ ಹೇಳಿದರೆ ಯಾರಿಗೂ ಮೈ ನಡುಗುವುದಿಲ್ಲ ಎಂದು ನನಗೆ ಗೊತ್ತು. ಆದರೆ ಆ ಹೊತ್ತಿನಲ್ಲಿ ಆ ಪರದೆಯ ಮುಂದೆ ಕುಳಿತಿದ್ದವರು ನನ್ನ ಅತ್ತೆ. ಅತ್ತೆಯ ಮುಂದೆ ಮೈಕು. ಮೈಕಿನ ಮುಂದೆ ಧಾರವಾಡದ ಒಂದು ಸಭಾಗೃಹದ ತುಂಬ ಸಂಗೀತ ಬಲ್ಲ ಜನ. ಅತ್ತೆಯ ಬೆನ್ನ ಹಿಂದೆ, ತಂಬೂರಿ ಮೀಟುತ್ತ, ಎಲ್ಲವನ್ನೂ ಕಾಣುತ್ತ, ಏನನ್ನೂ ಮಾಡಲಾಗದೆ ಕುಳಿತಿದ್ದವಳು ನಾನು. ಆ ಕಪ್ಪು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಕಣ್ಣು ಮುಚ್ಚಿದರೆ ಎಲ್ಲರಿಗೂ ಕಪ್ಪೇ ಕಾಣುತ್ತದೆ ಎಂದು ನನ್ನ ಗಂಡ ಗಿರೀಶ ಹೇಳುತ್ತಾನೆ. ಅವನಿಗೆ ಬ್ಯಾಂಕಿನಲ್ಲಿ ಕೆಲಸ, ಭಯಗಳ ಸೂಕ್ಷ್ಮ ತಿಳಿಯುವುದಿಲ್ಲ.

ಭಯಗಳಲ್ಲಿಯೂ ಅಂತಸ್ತು ಇದೆ. ಹಾವು ಕಂಡು ಹೆದರಿದೆ ಎಂದರೆ ಜನ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಾರೆ. ಬೈಪಾಸಿನಲ್ಲಿ ಲಾರಿ ಮೈಮೇಲೆ ಬಂತು ಎಂದರೆ ಚಹಾ ತರಿಸಿ, ಮತ್ತೊಮ್ಮೆ ಮೊದಲಿನಿಂದ ಹೇಳಿಸುತ್ತಾರೆ. ಕಂಪ್ಯೂಟರಿನ ಬಣ್ಣ ಬದಲಾದದ್ದು ಕಂಡು ಹೆದರಿದೆ ಎಂದರೆ ಮಾತ್ರ, ಹೌದೇನು ಎಂದು ಹೇಳಿ ತಮ್ಮ ಫೋನು ನೋಡತೊಡಗುತ್ತಾರೆ. ಆದ್ದರಿಂದ ಇದನ್ನು ಬರೆದು ಹೇಳುತ್ತಿದ್ದೇನೆ. ಬರೆದದ್ದನ್ನು ಓದುವವರು ನಡುವೆ ಎದ್ದು ಹೋದರೂ ನನಗೆ ಕಾಣುವುದಿಲ್ಲ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಮನೆ ಸಪ್ತಾಪುರದಲ್ಲಿ. ಕೆಳಗೆ ನಾವು, ಮೇಲಿನ ಖೋಲಿಗಳಲ್ಲಿ ಪರೀಕ್ಷೆಗೆ ಓದುವ ಬಾಡಿಗೆ ಹುಡುಗರು. ದಿನವಿಡೀ ಪರದೆ ನೋಡುವವರಿಗೆ ಒಂದು ಅನುಕೂಲ ಇದೆ. ಡೆಸ್ಕ್‌ಟಾಪಿನ ಬಣ್ಣಗಳ ಉಡುಗೆಯನ್ನು, ಅಂದರೆ ಥೀಮನ್ನು, ಬೇಕಾದ ಹಾಗೆ ಬದಲಿಸಬಹುದು. ತಿಳಿಬಣ್ಣದ ಥೀಮು ಹಾಕಿದರೆ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ. ಕಡುಬಣ್ಣದ್ದು ಹಾಕಿದರೆ ಕರಿಹಲಗೆಯ ಮೇಲೆ ಬಿಳಿ ಅಕ್ಷರ. ಹಗಲಿಗೆ ಒಂದು, ಸಂಜೆಗೆ ಒಂದು ತಾನೇ ಬದಲಾಗುವಂತೆಯೂ ಇಡಬಹುದು. ನಾನು ಹಾಗೆಯೇ ಇಟ್ಟಿದ್ದೆ. ಸೂರ್ಯ ಮುಳುಗಿದ ಕೂಡಲೇ ನನ್ನ ಲ್ಯಾಪ್‌ಟಾಪು ಕಪ್ಪು ಹೊದ್ದುಕೊಳ್ಳುತ್ತಿತ್ತು. ದಿನಾ ನಡೆಯುವ ಸಂಗತಿಯಾದ್ದರಿಂದ ಅದು ನನ್ನ ಗಮನಕ್ಕೆ ಬರುವುದೇ ನಿಂತಿತ್ತು. ಮನೆಯ ಗೋಡೆ ಗಡಿಯಾರದ ಸಪ್ಪಳ ಮನೆಯವರಿಗೆ ಕೇಳುವುದಿಲ್ಲವಲ್ಲ, ಹಾಗೆ.

ಇನ್ನು ಅತ್ತೆಯ ವಿಷಯ. ಶಾಂತಾಬಾಯಿ ಎಂದರೆ ಧಾರವಾಡದ ಹಳಬರಿಗೆ ಗೊತ್ತು. ಹೆಣ್ಣುಮಕ್ಕಳ ಸಾಲೆಯಲ್ಲಿ ವರ್ಷಗಟ್ಟಲೆ ಸಂಗೀತ ಕಲಿಸಿದವರು. ಹಿಂದೂಸ್ತಾನಿ ಖ್ಯಾಲಿಗೆ ತಾವೇ ಕನ್ನಡದ ಮಾತು ಕಟ್ಟಿ ಹಾಡುವವರು. ನನ್ನನ್ನು ನೋಡಲು ಬಂದಾಗ ಅವರ ಜೊತೆ ಬಂದಿದ್ದ ದೂರದ ನೆಂಟರೊಬ್ಬರು ಟ್ಯೂಬ್‌ಲೈಟಿನ ಕೆಳಗೆ ನನ್ನನ್ನು ಕೂಡಿಸಿ, ಕಿಟಕಿಯ ಹತ್ತಿರ ಒಮ್ಮೆ ನಿಲ್ಲಿಸಿ, ಹುಡುಗಿಯ ಬಣ್ಣ ತಿಳಿಯೋ ನಸುಗಪ್ಪೋ ಎಂದು ಬಹಳ ಹೊತ್ತು ತೀರ್ಮಾನಕ್ಕೆ ಬರಲಾರದೆ ಒದ್ದಾಡಿದರು. ಅತ್ತೆ ಅವರನ್ನು ಸುಮ್ಮನಿರಿಸಿ, "ಬಣ್ಣಾ ತೊಗೊಂಡು ಏನ ಮಾಡ್ತೀರಿ, ಧ್ವನಿ ಹೆಂಗದ ಕೇಳೋಣು. ಒಂದ ಹಾಡು ಹೇಳವಾ," ಎಂದರು. ಹೇಳಿದೆ. ಎರಡನೆಯ ಸಾಲಿಗೆ ಅತ್ತೆ ಕೈ ಎತ್ತಿ, "ಸಾಕು, ಹುಡುಗಿ ಬಣ್ಣಾ ಛಲೋನ ಅದ ಬಿಡ್ರಿ," ಎಂದರು. ಮದುವೆಯಾಯಿತು. ಅಂದಿನಿಂದ ಇಂದಿನ ತನಕ ಸಂಗೀತಕ್ಕೆ ಸಂಬಂಧಪಟ್ಟಂತೆ ನನಗೆ ವಹಿಸಿರುವ ಕೆಲಸ ತಂಬೂರಿ ಮೀಟುವುದೊಂದೇ. ನಾಲ್ಕು ತಂತಿ, ಅದೇ ಕ್ರಮ, ಬಾಯಿ ಮುಚ್ಚಿಕೊಂಡು.

ಹೋದ ಮಳೆಗಾಲದಲ್ಲಿ ಅತ್ತೆಗೆ ದೊಡ್ಡ ಜ್ವರ ಬಂದು ಹೋಯಿತು. ಎದ್ದು ಕೂತ ಮೇಲೆ ನೋಡಿದರೆ ರಾಗ, ತಾಳ, ತಾನ ಎಲ್ಲ ಇದ್ದಂತೆಯೇ ಇದ್ದವು. ಹಾಡಿನ ಮಾತುಗಳು ಮಾತ್ರ ಕೈಕೊಡತೊಡಗಿದವು. ತಾವೇ ಕಟ್ಟಿದ ಸಾಲು ಅರ್ಧಕ್ಕೆ ನಿಂತುಬಿಡುತ್ತಿತ್ತು. "ಸ್ವರಾ ಎಲ್ಲಾ ತಮ್ಮ ತಮ್ಮ ಜಾಗಾದಾಗ ಅವ. ಶಬ್ದಗಳಷ್ಟ, ಮ್ಯಾಲಿನ ಹುಡುಗರು ಪರೀಕ್ಷಾ ಮುಗದ ಕೂಡ್ಲೇ ಖೋಲಿ ಖಾಲಿ ಮಾಡ್ತಾರಲ್ಲ, ಹಂಗ ಹೇಳದ ಕೇಳದ ಹೋಗಿಬಿಟ್ಟಾವ," ಎಂದು ಅತ್ತೆ ನಗುತ್ತ ಹೇಳಿದರು. ನಕ್ಕದ್ದು ನಮಗಾಗಿ ಎಂದು ತಿಳಿಯದಷ್ಟು ದಡ್ಡರಲ್ಲ ನಾವು. ಅದೇ ಹೊತ್ತಿಗೆ ಊರಿನ ಸಂಗೀತ ಬಳಗವೊಂದು ಒಂದು ಸಂಜೆ ಹಾಡಲು ಅವರನ್ನು ಕರೆಯಿತು. ಅತ್ತೆ ಒಪ್ಪಿಕೊಂಡರು. ಒಪ್ಪಿಕೊಂಡ ದಿನವೇ ಊಟದ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಕೇಳುವ ಹಾಗೆ, "ಮಂದಿ ಮುಂದ ಒಂದ ಶಬ್ದ ಮರತೆ ಅಂದ್ರ ಅವತ್ತಿಗೆ ಮುಗೀತು. ತಂಬೂರಿಗೆ ಗವಸಣಿಗಿ ಹಾಕಿ ಅಟ್ಟದ ಮ್ಯಾಲ ಇಡೂದು, ಮತ್ತ ಇಳಸೂದಿಲ್ಲ," ಎಂದರು. ಅತ್ತೆ ಆಡಿದ ಮಾತು ತಿರುಗಿಸುವವರಲ್ಲ. ಹಿಂದೊಮ್ಮೆ ಚಹಾ ಬಿಟ್ಟೆ ಎಂದವರು ಬಿಟ್ಟೇ ಬಿಟ್ಟಿದ್ದರು. ಗಿರೀಶ ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದ. ತಂಬೂರಿ ಅಟ್ಟಕ್ಕೆ ಹೋದರೆ ಅದರ ಹಿಂದೆ ಅತ್ತೆಯೂ ಅರ್ಧ ಹೋದ ಹಾಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು.

ಮಾತು ಮರೆಯುವುದಾದರೆ ಕಾಗದದಲ್ಲಿ ಬರೆದು ಮುಂದಿಟ್ಟುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ನೀವು ಧಾರವಾಡದವರಲ್ಲ ಎಂದು ಅದರಿಂದಲೇ ತಿಳಿಯುತ್ತದೆ. ಇಲ್ಲಿ ಯಾವ ಕಛೇರಿಗೆ ಹೋದರೂ ಮೊದಲ ಸಾಲಿನಲ್ಲಿ ದೇಸಾಯಿ ಕಾಕಾ ಕುಳಿತಿರುತ್ತಾರೆ. ನಿವೃತ್ತ ವಕೀಲರು. ಹಾಡುವವರ ಮೇಲೆ ಕಣ್ಣು ನೆಟ್ಟು, ತೊಡೆಯ ಮೇಲೆ ತಾಳ ಹಾಕುತ್ತ, ಸಾಕ್ಷಿಯನ್ನು ಪಾಟೀಸವಾಲು ಮಾಡುವವರ ಹಾಗೆ ಕೇಳುತ್ತಾರೆ. "ಚೀಟಿ ನೋಡಿ ಹಾಡೂದಂದ್ರ, ಅಡಗಿ ಪುಸ್ತಕ ಓದಕೋತ ಒಗ್ಗರಣಿ ಹಾಕಿದಂಗ್ರಿ. ಸಾಸಿವಿ ಸೀದು ಹೋಗಿರ್ತದ," ಎಂದು ಅವರು ಒಬ್ಬ ಗಾಯಕರ ಎದುರಿಗೇ ಹೇಳಿದ್ದನ್ನು ಊರೆಲ್ಲ ಕೇಳಿದೆ. ಆದರೆ ಹಾಡುವವರ ಮುಂದೆ ಲ್ಯಾಪ್‌ಟಾಪೋ ಟ್ಯಾಬೋ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಈಗ ಶ್ರುತಿಪೆಟ್ಟಿಗೆಗಳೆಲ್ಲ ಅದರಲ್ಲಿಯೇ ನುಡಿಯುತ್ತವೆ. ಹಿಂದೆ ಶೋಭೆಗೆ ಒಂದು ನಿಜವಾದ ತಂಬೂರಿ, ಮುಂದೆ ಆಸರೆಗೆ ಒಂದು ಯಂತ್ರದ್ದು. ಇದು ನನ್ನ ತಲೆಗೆ ಹೊಳೆಯಿತು. ಲ್ಯಾಪ್‌ಟಾಪು ಶ್ರುತಿಯನ್ನೂ ನುಡಿಸಲಿ, ಪರದೆಯ ತುಂಬ ಹಾಡಿನ ಮಾತನ್ನೂ ದೊಡ್ಡದಾಗಿ ತೋರಿಸಲಿ. ಕಾಕಾ ಕೂತಲ್ಲಿಂದ ಅದರ ಬೆನ್ನಷ್ಟೇ ಕಾಣುತ್ತದೆ.

ಪ್ರೋಗ್ರಾಮು ಬರೆಯಲು ಕುಳಿತೆ. ಇಲ್ಲಿ ಒಂದು ಸಣ್ಣ ತೊಡಕು ಇದೆ, ಅದೇ ಈ ಬರಹದ ಮೂಲ. ಕಿಟಕಿಯ ಹಿನ್ನೆಲೆಗೆ ಬಣ್ಣ ಬಳಿಯುವುದು ಡೆಸ್ಕ್‌ಟಾಪು. ಅಕ್ಷರಕ್ಕೆ ಬಣ್ಣ ಹಚ್ಚುವುದು ನಾನು. ಹಿನ್ನೆಲೆ ಬಿಳಿಯಾಗಿದ್ದರೆ ನಾನು ಕಪ್ಪು ಹಚ್ಚಬೇಕು, ಕಪ್ಪಾಗಿದ್ದರೆ ಬಿಳಿ ಹಚ್ಚಬೇಕು. ಹಾಗಾದರೆ ಈಗ ಹಾಕಿರುವ ಥೀಮು ತಿಳಿಯೋ ಕಡುವೋ ಎಂದು ಪ್ರೋಗ್ರಾಮಿಗೆ ಗೊತ್ತಾಗುವುದು ಹೇಗೆ? ಮೊದಲು ಥೀಮಿನ ಹೆಸರು ನೋಡಿದೆ. ಹೆಸರಿನಲ್ಲಿ ಡಾರ್ಕ್ ಎಂದಿದ್ದರೆ ಕಡು, ಇಲ್ಲದಿದ್ದರೆ ತಿಳಿ. ಆದರೆ ಥೀಮಿಗೆ ಹೆಸರಿಡುವವರು ಕವಿಗಳು. ಒಬ್ಬ ಮಿಡ್‌ನೈಟ್ ಎಂದಿಟ್ಟಿದ್ದ. ಮಧ್ಯರಾತ್ರಿ ಎಂಬ ಹೆಸರಿನಲ್ಲಿ ಡಾರ್ಕ್ ಎಂಬ ಮಾತು ಇಲ್ಲದ್ದರಿಂದ ನನ್ನ ಪ್ರೋಗ್ರಾಮು ಅದನ್ನು ಹಾಡುಹಗಲು ಎಂದು ತಿಳಿದುಕೊಂಡಿತು.

ಸೀರೆ ಅಂಗಡಿಯಲ್ಲಿ ಅತ್ತೆ ಮಾಡುವ ಕೆಲಸ ನನಗೆ ಆಗ ನೆನಪಾಯಿತು. ಅಂಗಡಿಯವ ಒಂದು ಸೀರೆ ಹರವಿ, "ಭಾಳ ತಿಳಿಬಣ್ಣ ಐತ್ರಿ ಅಕ್ಕಾರ," ಎನ್ನುತ್ತಾನೆ. ಅತ್ತೆ ಅವನ ಮಾತಿಗೆ ಹೂಂ ಎನ್ನುತ್ತಲೇ ಸೀರೆಯ ಸೆರಗನ್ನು ಹಿಡಿದು ರಸ್ತೆಗೆ ಬಂದು ಬಿಸಿಲಿನಲ್ಲಿ ನಿಲ್ಲುತ್ತಾರೆ. ಅಂಗಡಿಯವ ಉಳಿದ ಸೀರೆಯ ಜೊತೆ ಹೊಸ್ತಿಲ ತನಕ ಎಳೆದುಕೊಂಡು ಬರುತ್ತಾನೆ. ನಾನೂ ಹಾಗೆಯೇ ಹೆಸರನ್ನು ಬಿಟ್ಟು ಬಣ್ಣವನ್ನೇ ಹಿಡಿದೆ. ಹಿನ್ನೆಲೆಯ ಬಣ್ಣದಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಕೇಳಿ, ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿಯೂ ನೀಲಿ ಕಡಿಮೆ ಬೆಳಕಾಗಿಯೂ ಕಾಣುವುದರಿಂದ ಅದಕ್ಕೆ ತಕ್ಕ ತೂಕ ಕೊಟ್ಟು ಕೂಡಿಸಿ, ಅರ್ಧಕ್ಕಿಂತ ಮೇಲಿದ್ದರೆ ತಿಳಿ, ಕೆಳಗಿದ್ದರೆ ಕಡು ಎಂದು ತೀರ್ಮಾನಿಸುವಂತೆ ಮಾಡಿದೆ. ಎಂಥ ಥೀಮು ಹಾಕಿದರೂ ತಪ್ಪಲಿಲ್ಲ. ನಾನು ಬಹಳ ಉಬ್ಬಿದೆ. ಕಾಲೇಜಿನಲ್ಲಿ ಎರಡು ತರಗತಿ ಇದನ್ನೇ ಪಾಠ ಮಾಡಿದೆ. ಹೆಸರು ನಂಬಬೇಡಿ, ಅಳೆದು ನೋಡಿ ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ನಾನು ಮಾಡಿದ ತಪ್ಪು ಒಂದೇ. ಪ್ರೋಗ್ರಾಮು ಶುರುವಾಗುವಾಗ ಒಮ್ಮೆ ಈ ಪ್ರಶ್ನೆ ಕೇಳುತ್ತಿತ್ತು. ಮತ್ತೆ ಕೇಳುತ್ತಿರಲಿಲ್ಲ. ಅದು ನಮಗೆ ತಿಳಿಯಲೂ ಇಲ್ಲ, ಏಕೆಂದರೆ ಅತ್ತೆಯ ರಿಯಾಜು ನಡೆಯುವುದು ಬೆಳಿಗ್ಗೆ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಹಾಡಿದರು. ಬಿಳಿಯ ಮೇಲೆ ಕಪ್ಪು ಅಕ್ಷರ ಚೆಂಡು ಹೂವಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. "ಭಾಳ ಛಲೋ ಆತು ನೋಡು. ಕಳ್ಳತನಾ ಮಾಡ್ಲಿಕ್ಕತ್ತೇನಿ ಅನಸ್ತದ, ಆದ್ರ ನನ್ನ ಮನ್ಯಾಗಿನ ಸಾಮಾನಾನ ಕದೀಲಿಕ್ಕತ್ತೇನಲ್ಲ," ಎಂದರು ಅತ್ತೆ. ಸಂಜೆ ಒಮ್ಮೆ ಕೂತು ನೋಡೋಣ ಎಂದು ನಾನು ಹೇಳಬಹುದಿತ್ತು. ಆದರೆ ಸಂಜೆ ಆ ಹೊತ್ತು ಅತ್ತೆಯ ಧಾರಾವಾಹಿಯದು. ಅದರಲ್ಲಿ ಒಬ್ಬ ಸೊಸೆ ಅತ್ತೆಗೆ ವಿಷ ಹಾಕುವುದರಲ್ಲಿದ್ದಳು. ಅಂಥ ಹೊತ್ತಿನಲ್ಲಿ ಎಬ್ಬಿಸುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಿದ್ದೆ.

ಕಛೇರಿಯ ದಿನ ಬಂತು. ತಬಲಾಕ್ಕೆ ಬಸಪ್ಪ ಮಾಸ್ತರರು. ಶಿರಗುಪ್ಪಿಯವರು, ಅತ್ತೆಗೆ ಹಳೆಯ ಜೊತೆ. ಹಗಲು ಬೆಳಕು ಇನ್ನೂ ಇರುವಾಗಲೇ ವೇದಿಕೆ ಏರಿದೆವು. ದೇಸಾಯಿ ಕಾಕಾ ಲ್ಯಾಪ್‌ಟಾಪಿನ ಬೆನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಶ್ರುತಿ ಪೆಟ್ಟಿಗಿ ಏನ್ರಿ ಅದು?" ಎಂದು ಕೇಳಿದರು. "ಹೌದ್ರಿ ಕಾಕಾ," ಎಂದೆ. ಅದು ಸುಳ್ಳಲ್ಲ, ಶ್ರುತಿ ಬರುತ್ತಿತ್ತು. ಅತ್ತೆ ಯಮನ್ ರಾಗ ಎತ್ತಿಕೊಂಡರು. ಮೊದಲು ನಿಧಾನದ ಖ್ಯಾಲು, ಮಾತುಗಳೆಲ್ಲ ಸಲೀಸಾಗಿ ಬಂದವು. ಆಮೇಲೆ ತಾವೇ ಕಟ್ಟಿದ ಮಧ್ಯಲಯದ ಹಾಡು. ಬಾವಿಯ ಹತ್ತಿರ ನಿಂತ ಹುಡುಗಿಯೊಬ್ಬಳು ಗೆಳತಿಗೆ ಹೇಳುವ ಮಾತು: ಕೊಡ ತುಂಬಲಿಲ್ಲ ಸಖೀ, ಹ್ಯಾಂಗ ಬರಲಿ ಮನಿಗೆ. ಇದು ಮೊದಲ ಸಾಲು. ಮುಂದೆ ಎರಡನೆಯ ಭಾಗದಲ್ಲಿ ಏನೇನೋ ನಡೆದು ಕೊಡ ತುಂಬುತ್ತದೆ. ಅತ್ತೆ ಮೊದಲ ಸಾಲನ್ನು ಎರಡು ಸಲ ಹಾಡಿದರು. ಸಭಾಗೃಹದ ಕಿಟಕಿಯಾಚೆ ಸೂರ್ಯ ಮುಳುಗಿದ. ನನ್ನ ಲ್ಯಾಪ್‌ಟಾಪು ತನ್ನ ದಿನದ ಕರ್ತವ್ಯದಂತೆ ಕಪ್ಪು ಹೊದ್ದುಕೊಂಡಿತು. ಅಕ್ಷರಗಳು ಕಪ್ಪಾಗಿಯೇ ಉಳಿದವು. ಕರಿಹಲಗೆಯ ಮೇಲೆ ಇದ್ದಿಲಿನಿಂದ ಬರೆದ ಹಾಗೆ, ಎಲ್ಲ ಇದ್ದೂ ಏನೂ ಇರಲಿಲ್ಲ.

ನಾನು ಕಂಡೆ. ಆ ಕ್ಷಣದಲ್ಲಿಯೇ ಏನಾಯಿತು, ಏಕಾಯಿತು, ಎಲ್ಲಿ ಒಂದು ಸಾಲು ಸೇರಿಸಿದರೆ ಸರಿಯಾಗುತ್ತಿತ್ತು ಎಂಬುದೆಲ್ಲ ಹೊಳೆದುಬಿಟ್ಟಿತು. ಹೊಳೆದು ಪ್ರಯೋಜನವೇನು. ತಂಬೂರಿ ನಿಲ್ಲಿಸುವಂತಿಲ್ಲ. ಎದ್ದು ಮುಂದೆ ಹೋದರೆ ದೇಸಾಯಿ ಕಾಕಾ ನೋಡುತ್ತಾರೆ. ಅತ್ತೆಗೆ ಮುಂದಿನ ಸಾಲನ್ನು ಪಿಸುಗುಟ್ಟೋಣವೆಂದರೆ ನನಗೆ ಅದು ಗೊತ್ತಿಲ್ಲ. ಅದನ್ನು ಟೈಪು ಮಾಡಿದವಳು ನಾನೇ, ಕಾಗುಣಿತ ತಿದ್ದಿದವಳೂ ನಾನೇ. ಯಾವ ಫೈಲಿನಲ್ಲಿದೆ ಎಂದು ಕೇಳಿದರೆ ಹೇಳಬಲ್ಲೆ. ಅದರಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಬಾಯಿ ಬಿಡುವಂತಿಲ್ಲ.

ಆಗ ಅತ್ತೆ ಮಾಡಿದ ಒಂದು ಕೆಲಸವನ್ನು ನಾನು ಮರೆಯಲಾರೆ. ಸ್ವರ ಬಿಡದೆಯೇ ಕನ್ನಡಕ ತೆಗೆದರು. ಸೆರಗಿನ ತುದಿಯಿಂದ ನಿಧಾನವಾಗಿ ಒರೆಸಿದರು. ಹಾಕಿಕೊಂಡರು. ಪರದೆಯನ್ನು ನೋಡಿದರು. ಮತ್ತೆ ತೆಗೆದು ಮತ್ತೆ ಒರೆಸಿದರು.

ಆಮೇಲೆ ಅತ್ತೆ ಬಾವಿಯ ದಡ ಬಿಟ್ಟು ಕದಲಲಿಲ್ಲ. ಕೊಡ ತುಂಬಲಿಲ್ಲ ಸಖೀ ಎಂಬುದನ್ನು ಕೆಳಗಿನ ಸ್ವರದಿಂದ ಹಾಡಿದರು, ಮೇಲಿನಿಂದ ಹಾಡಿದರು, ತುಂಬಲಿಲ್ಲ ಎಂಬ ಒಂದೇ ಮಾತನ್ನು ಹಿಡಿದು ಎಳೆದರು, ಸಖಿಯನ್ನು ಅಷ್ಟು ದೂರದಿಂದ ಕರೆದರು, ಇಷ್ಟು ಹತ್ತಿರದಿಂದ ಕರೆದರು. ಬಸಪ್ಪ ಮಾಸ್ತರರು ಒಮ್ಮೆ ಅತ್ತೆಯ ಮುಖ ನೋಡಿ, ತಬಲಾದ ದನಿ ಇಳಿಸಿ, ಹೋಗುವಷ್ಟು ದೂರ ಹೋಗಲು ಬಿಟ್ಟರು. ಸಭೆಯಲ್ಲಿ ಮೊದಲು ತಲೆಗಳು ಅಲುಗಿದವು, ಆಮೇಲೆ ವಾಹ್ ಎಂಬ ಮಾತುಗಳು ಬಂದವು. ಹಿಂದಿನ ಸಾಲಿನಿಂದ ಯಾರೋ, "ಇದು ನಮ್ಮ ಓಣಿ ನಳಾನ ಇರಬೇಕು, ಎಂಟ ದಿನಕ್ಕೊಮ್ಮೆ ಬರೂದು, ಎಲ್ಲಿ ತುಂಬಬೇಕು," ಎಂದದ್ದು ಕೇಳಿ ಸುತ್ತಲಿನವರು ನಕ್ಕರು. ಕಾಕಾ ತಿರುಗಿ ನೋಡಿದ ಮೇಲೆ ನಗೆ ನಿಂತಿತು. ಆ ಹುಡುಗಿಗೆ ಕೊಡ ತುಂಬುವ ಲಕ್ಷಣವೇ ಇರಲಿಲ್ಲ. ಕೊನೆಗೆ ಅತ್ತೆ ಒಂದು ತಾನ ಬೀಸಿ, ಆ ಬೀಸಿನಲ್ಲಿಯೇ ತರಾನಾಕ್ಕೆ ಜಿಗಿದುಬಿಟ್ಟರು. ತರಾನಾ ಎಂದರೆ ತೋಂ ತನನ ಎಂಬಂಥ ಅಕ್ಷರಗಳಲ್ಲಿ ಹಾಡುವುದು. ಅರ್ಥವಿಲ್ಲ, ಆದ್ದರಿಂದ ಮರೆಯುವ ಭಯವೂ ಇಲ್ಲ. ಬಸಪ್ಪ ಮಾಸ್ತರರ ಕೈ ಹಾರಿತು. ಮುಗಿದಾಗ ಜನ ಎದ್ದು ನಿಂತರು.

ದೇಸಾಯಿ ಕಾಕಾ ವೇದಿಕೆಗೆ ಬಂದಾಗ ನಾನು ಲ್ಯಾಪ್‌ಟಾಪು ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. "ಬಾಯಾರ, ಅಂತರಾ ಹಾಡ್ಲೇ ಇಲ್ಲಲ್ಲ," ಎಂದರು. ಅಂತರಾ ಎಂದರೆ ಆ ಎರಡನೆಯ ಭಾಗ. ಕಾಕಾ ತಾವೇ ಮುಂದುವರಿದು, "ನನಗ ತಿಳೀತ್ರಿ. ಅಂತರಾ ಹಾಡಿದ್ರ ಕೊಡಾ ತುಂಬತಿತ್ತು. ಕೊಡಾ ತುಂಬಿದ್ರ ಹುಡುಗಿ ಮನಿಗೆ ಹೋಗತಿದ್ಲು. ಹೋದ ಮ್ಯಾಲ ಹಾಡಿನ್ಯಾಗ ಏನದ? ಅದನ್ನ ಬಿಟ್ಟಿರಲ್ಲ, ಅದು ಖರೇ ತಪಸ್ಸು," ಎಂದು ಕೈ ಮುಗಿದರು. ಅತ್ತೆಯೂ ಕೈ ಮುಗಿದರು. ನಾನೂ ಮುಗಿದೆ, ಯಾವ ದೇವರಿಗೆ ಎಂದು ನನಗೇ ತಿಳಿಯಲಿಲ್ಲ.

ಮನೆಗೆ ಬಂದು ಅತ್ತೆ ಕಾಲು ತೊಳೆದುಕೊಂಡು, ಕುರ್ಚಿಯಲ್ಲಿ ಕೂತು, "ನಿನ್ನ ಪೆಟ್ಟಿಗಿ ಕರ್ರಗ ಆತಲ್ಲ, ಆವಾಗ ನನಗ ಕಣ್ಣು ಹೋದ್ವು ಅನಸ್ತು. ಮೊದಲು ಶಬ್ದ ಹೋತು, ಈಗ ಕಣ್ಣೂ ಹೋತು, ಇನ್ನ ಮುಗೀತು ಅಂದ್ಕೊಂಡೆ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಆಮ್ಯಾಲ ಎದುರಿಗೆ ನೋಡತೇನಿ, ದೇಸಾಯಿ ಮೂಗು ಕಾಣ್ಲಿಕ್ಕತ್ತದ. ಅಂಥಾ ಮೂಗು ಕಾಣ್ತದಂದ್ರ ಕಣ್ಣು ಅವ, ಪೆಟ್ಟಿಗಿನ ಸತ್ತದ ಅಂತ ಧೈರ್ಯ ಬಂತು," ಎಂದರು. ಗಿರೀಶ ನಕ್ಕ. ನನಗೆ ನಗು ಬರಲಿಲ್ಲ. "ಹಂಗಾದ್ರ ಅವ್ವಾ, ತಂಬೂರಿ?" ಎಂದು ಅವನೇ ಕೇಳಿದ. ಅತ್ತೆ ತಂಬೂರಿಯ ಕಡೆ ನೋಡಿದರು. "ಇವತ್ತು ಮರತದ್ದು ನಾನೋ ಪೆಟ್ಟಿಗಿನೋ ಹೇಳಲಿಕ್ಕಾಗೂದಿಲ್ಲ. ಬಸಪ್ಪ ತಮ್ಮೂರ ಮಠದಾಗ ಹಾಡ್ಲಿಕ್ಕೆ ಕರದಾನ. ಅಲ್ಲಿ ನೋಡೋಣು. ಅಲ್ಲಿ ಮರತರ ಅಟ್ಟಾ," ಎಂದರು.

ಅಂದಿನಿಂದ ನನಗೆ ನಿದ್ದೆ ಕೆಟ್ಟಿತು. ಮಲಗಿದ ಸ್ವಲ್ಪ ಹೊತ್ತಿಗೆ ಎಚ್ಚರವಾಗುತ್ತಿತ್ತು, ಪರದೆ ಕಪ್ಪಾಗುತ್ತಿತ್ತು, ಅತ್ತೆ ಕನ್ನಡಕ ತೆಗೆಯುತ್ತಿದ್ದರು. ಕೆಲವು ಸಲ ಕನಸಿನಲ್ಲಿ ನಾನು ತಂಬೂರಿ ಎಸೆದು ಓಡಿ ಹೋಗುತ್ತಿದ್ದೆ, ಎಷ್ಟು ಓಡಿದರೂ ವೇದಿಕೆ ಮುಗಿಯುತ್ತಿರಲಿಲ್ಲ. ಕೆಲವು ಸಲ ದೇಸಾಯಿ ಕಾಕಾ ಎದ್ದು ಬಂದು ಲ್ಯಾಪ್‌ಟಾಪನ್ನು ಸಭೆಯ ಕಡೆ ತಿರುಗಿಸುತ್ತಿದ್ದರು. ನಾನು ಎದ್ದು ಕೂತರೆ ಗಿರೀಶ ಮಗ್ಗುಲು ಬದಲಿಸುತ್ತ, "ಮತ್ತ ಆರೂ ಮೂವತ್ತೆಂಟೇನು?" ಎನ್ನುತ್ತಿದ್ದ. ಹೌದು ಎಂದರೆ, "ಗಡಿಯಾರಾ ಮುಂದ ಹೋಗೂದ ಇಲ್ಲ ನಿಂದು," ಎಂದು ಗೊರಕೆ ಶುರುಮಾಡುತ್ತಿದ್ದ. ಕಾಲೇಜಿನಲ್ಲಿ ಕರಿಹಲಗೆಯ ಮೇಲೆ ಬರೆದದ್ದು ಕಾಣುತ್ತದೆಯೇ ಎಂದು ಹುಡುಗರನ್ನು ಎರಡೆರಡು ಸಲ ಕೇಳುತ್ತಿದ್ದೆ.

ಪ್ರೋಗ್ರಾಮನ್ನು ತಿದ್ದಿದೆ. ಈಗ ಅದು ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ಡೆಸ್ಕ್‌ಟಾಪು ಬಟ್ಟೆ ಬದಲಿಸಿದಾಗಲೆಲ್ಲ ಅದಕ್ಕೆ ಸುದ್ದಿ ಬರುತ್ತದೆ, ಆಗ ಮತ್ತೆ ಬಣ್ಣ ಅಳೆದು ಅಕ್ಷರಕ್ಕೆ ತಕ್ಕ ಬಣ್ಣ ಹಚ್ಚುತ್ತದೆ. ತಾನೇ ಬದಲಾಗುವ ಏರ್ಪಾಡನ್ನು ತೆಗೆದುಹಾಕಿದರೆ ಸಾಕಿತ್ತು ಎಂದು ಗಿರೀಶ ಹೇಳಿದ. ಹೇಳಿದ್ದು ಸರಿ. ಆದರೆ ಹಾಗೆ ತೆಗೆದರೆ ನಾನು ಸೋತ ಹಾಗೆ. ಲ್ಯಾಪ್‌ಟಾಪಿನ ಗಡಿಯಾರಕ್ಕೆ ಸುಳ್ಳು ಹೊತ್ತು ತುಂಬಿ ಒಂದೇ ಮಧ್ಯಾಹ್ನದಲ್ಲಿ ಮೇಲಿಂದ ಮೇಲೆ ಸೂರ್ಯನನ್ನು ಮುಳುಗಿಸಿದೆ, ಹುಟ್ಟಿಸಿದೆ. ಅದರಿಂದಲೂ ಸಮಾಧಾನವಾಗದೆ ಸಂಜೆ ಲ್ಯಾಪ್‌ಟಾಪು ಎತ್ತಿಕೊಂಡು ಮಾಳಿಗೆಗೆ ಹೋಗಿ, ನಿಜವಾದ ಸೂರ್ಯ ಮುಳುಗುವ ತನಕ ಒಮ್ಮೆ ಪಶ್ಚಿಮವನ್ನೂ ಒಮ್ಮೆ ಪರದೆಯನ್ನೂ ನೋಡುತ್ತ ನಿಲ್ಲುತ್ತಿದ್ದೆ. ಬಟ್ಟೆ ತೆಗೆಯಲು ಬಂದ ಬಾಡಿಗೆ ಹುಡುಗನೊಬ್ಬ, "ಮೇಡಂ, ಗ್ರಹಣ ಐತೇನ್ರಿ ಇವತ್ತ? ಊಟ ಮಾಡಬಹುದೋ ಇಲ್ಲೋ?" ಎಂದು ಕೇಳಿದ. ಗಿರೀಶ ಮಾತ್ರ ಬೂದುಬಣ್ಣದ ಥೀಮೊಂದನ್ನು ಹುಡುಕಿ ತಂದು, "ಇದು ತಿಳಿನೋ ಕಡುನೋ ಹೇಳಸು ನೋಡೋಣು," ಎಂದು ಕಾಡಿದ. ನಟ್ಟನಡುವಿನ ಬೂದು. ಪ್ರೋಗ್ರಾಮು ಕೂದಲೆಳೆಯಲ್ಲಿ ಕಡು ಎಂದಿತು. ಬಿಳಿ ಅಕ್ಷರ ಮಂಕಾಗಿ ಕಂಡಿತು. ಅದರ ಸಲುವಾಗಿಯೂ ನಾನು ಒಂದು ರಾತ್ರಿ ನಿದ್ದೆಗೆಟ್ಟೆ.

ಶಿರಗುಪ್ಪಿಯ ಮಠದಲ್ಲಿ ಇಡೀ ರಾತ್ರಿ ಸಂಗೀತ. ಊರವರು, ಸುತ್ತಲಿನ ಹಳ್ಳಿಯವರು ಕಂಬಳಿ ಹೊದ್ದುಕೊಂಡು ಬಂದು ಕೂತಿದ್ದರು. ಅತ್ತೆಯ ಸರದಿ ಎಲ್ಲರಿಗಿಂತ ಕೊನೆಗೆ, ಬೆಳಗಿನ ರಾಗಕ್ಕೆ. ತಂಬೂರಿಗೆ ಮಠದ ವಿದ್ಯಾರ್ಥಿಯೇ ಇದ್ದುದರಿಂದ ನನಗೆ ಆ ಕೆಲಸವೂ ಇರಲಿಲ್ಲ. ವೇದಿಕೆಯ ಮೇಲೆಯೇ ಒಂದು ಮಗ್ಗುಲಲ್ಲಿ, ಲ್ಯಾಪ್‌ಟಾಪಿನ ಹತ್ತಿರ, ದಾಸೋಹದ ಜೋಳದ ಚೀಲಕ್ಕೆ ಒರಗಿ ಕೂತೆ. ಅತ್ತೆ ಹಾಡಲು ಬಂದು ಕೂತದ್ದು ನೆನಪಿದೆ. ಪರದೆ ಕಪ್ಪಾಗಿತ್ತು, ಅದರ ಮೇಲೆ ಅಕ್ಷರಗಳು ಹಾಲಿನ ಹಾಗೆ ಬೆಳ್ಳಗೆ ನಿಂತಿದ್ದವು. ಎಲ್ಲ ಸರಿಯಾಗಿದೆ ಎಂದುಕೊಂಡೆ. ತಂಬೂರಿ ಶುರುವಾಯಿತು. ಬೇರೆಯವರು ಮೀಟುವ ತಂಬೂರಿ ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕಣ್ಣು ಬಿಟ್ಟಾಗ ಮೈಮೇಲೆ ಯಾರದೋ ಕಂಬಳಿ ಇತ್ತು. ವೇದಿಕೆ ಖಾಲಿ. ಅಂಗಳದಲ್ಲಿ ಬಿಸಿಲು. ಅತ್ತೆ ಕಟ್ಟೆಯ ಮೇಲೆ ಬಸಪ್ಪ ಮಾಸ್ತರರ ಜೊತೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ನಾನು ಓಡಿ ಹೋಗಿ, "ಏನಾತ್ರಿ?" ಎಂದೆ.

"ಏನಾಗಬೇಕು, ಮರತೆ," ಎಂದರು ಅತ್ತೆ, ಬಾಯಲ್ಲಿದ್ದ ತುತ್ತು ನುಂಗಿ.

ಬಸಪ್ಪ ಮಾಸ್ತರರು ನಗುತ್ತ ಹೇಳಿದರು: "ನಡುವ ನಿಂತು, ಎಲ್ಲಾರ ಮುಂದ, ಬಾಯಾರು ಮೈಕಿನ್ಯಾಗನ ಕೇಳಿಬಿಟ್ರು, ಬಸಪ್ಪಾ ಮುಂದಿಂದು ಏನೋ ಅಂತ. ನನಗೇನ ಗೊತ್ತ್ರಿ, ನಾ ಧಾ ಧಿನ್ ಅನ್ನಾವ. ಮುಂದ ಕುಂತಿದ್ದ ಮುದುಕೆವ್ವ ಒಬ್ಬಾಕಿ ಅಂದ್ಲು, ನೆನಪಾದಾಗ ಹಾಡ್ರೆವ್ವಾ, ನಮಗೇನ ಗಡಬಡಿ ಐತಿ, ಬಸ್ಸು ಎಂಟಕ್ಕ ಐತಿ ಅಂತ. ಮಂದಿ ಎಲ್ಲಾ ನಕ್ರು. ಬಾಯಾರೂ ನಕ್ರು. ನಗೂದ್ರಾಗ ಶಬ್ದ ಬಂದಬಿಡ್ತು ನೋಡ್ರಿ."

"ಹಂಗಾದ್ರ ಅಟ್ಟ?" ಎಂದು ಕೇಳಿದೆ.

"ಮರತು ಮುಚ್ಚಿಟ್ಟಿದ್ರ ಅಟ್ಟ. ಎಲ್ಲಾರಿಗೂ ಹೇಳಿ ಮರತೆನಲ್ಲ, ಅದು ಲೆಕ್ಕಕ್ಕಿಲ್ಲ," ಎಂದರು ಅತ್ತೆ. ಆಡಿದ ಮಾತು ತಿರುಗಿಸದವರು ಮೊದಲ ಸಲ ಸ್ವಲ್ಪ ವಾಲಿಸಿದ್ದರು. ಮಠದವರು ತಂದುಕೊಟ್ಟ ಚಹಾದ ಲೋಟವೂ ಅವರ ಕೈಯಲ್ಲಿತ್ತು.

ನನಗೆ ಒಂದು ಸಂಶಯ ಉಳಿದಿತ್ತು. "ಆದ್ರ ಅತ್ತಿ, ಮುಂದನ ಇತ್ತಲ್ಲ ಲ್ಯಾಪ್‌ಟಾಪು, ಅದರಾಗ ನೋಡ್ಬೇಕಿಲ್ಲೋ?" ಎಂದೆ.

ಅತ್ತೆ ಬಸಪ್ಪ ಮಾಸ್ತರರ ಮುಖ ನೋಡಿದರು. ಮಾಸ್ತರರು ಉಪ್ಪಿಟ್ಟಿನ ತಾಟು ನೋಡಿದರು. "ನೋಡ್ಬೇಕಂತ ಬಗ್ಗಿದೆ ಖರೇ," ಎಂದರು ಅತ್ತೆ. "ಚೀಲದಿಂದ ಜಾರಿ ಅದರ ಮುಂದ ಅಡ್ಡಾಗಿ ನೀ ಮಲಗಿದ್ದಿ. ಬಾಯಿ ತಗದು. ಎಬ್ಬಸತೇನ್ರಿ ಅಂದಾ ಬಸಪ್ಪ. ಎಷ್ಟ ದಿನದ ಮ್ಯಾಲ ಮಲಗ್ಯಾಳ, ಇರಲಿ ಬಿಡು ಅಂದೆ."

ಎದ್ದು ಹೋಗಿ ಲ್ಯಾಪ್‌ಟಾಪು ನೋಡಿದೆ. ಪರದೆ ಬೆಳ್ಳಗಾಗಿತ್ತು. ಅದರ ಮೇಲೆ ಕಪ್ಪು ಅಕ್ಷರಗಳು ಒಂದೂ ತಪ್ಪದೆ, ಕಾಡಿಗೆ ತೀಡಿದ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಕತ್ತಲು ಹರಿದು ಬೆಳಕಾದದ್ದನ್ನು ನನ್ನ ಪ್ರೋಗ್ರಾಮು ಸರಿಯಾದ ಹೊತ್ತಿಗೆ ಪತ್ತೆ ಹಚ್ಚಿತ್ತು. ಬರೆದವಳಿಗೆ ಅದು ಪತ್ತೆಯಾದದ್ದು ಉಪ್ಪಿಟ್ಟು ಅರ್ಧ ಖಾಲಿಯಾದ ಮೇಲೆ.